ರಂಗಪ್ಪನಿಗೆ ಹೆಣ್ಣು ಕೊಟ್ಟವರು

ಮೂಲತಃ ಎಲ್ಲಿಯವರು ಅಂತ ನಮ್ಮನ್ನು ಯಾರಾದರೂ ಕೇಳಿದರೆ ತಾತನ ಊರಿನ ಹೆಸರು ಹೇಳಿ ಮುಗಿಸಿಬಿಡುತ್ತೇವೆ. ಅದಕ್ಕೂ ಹಿಂದಿನದ್ದು ಹೇಳಿ ಅಂತ ಯಾರೂ ಬೆನ್ನು ಹತ್ತುವುದಿಲ್ಲ. ಬುಡಕಟ್ಟು ಜನರಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಅವರು ಸಾವಿರಾರು ವರ್ಷದ ಲೆಕ್ಕ ಒಪ್ಪಿಸಬೇಕು. ಬ್ರಿಟಿಷರ ಕಾಲದಲ್ಲಿ ಮೂಗಿನ ಉದ್ದ ಅಗಲ ಅಳೆದರು. ಆಮೇಲೆ ರಕ್ತ ತೆಗೆದರು. ಈಗ ಪ್ರವಾಸಕ್ಕೆ ಹೋದವರೂ ಫೋಟೊ ತೆಗೆದುಕೊಳ್ಳುತ್ತಾ ಅದನ್ನೇ ಕೇಳುತ್ತಾರೆ: ನೀವು ಎಲ್ಲಿಂದ ಬಂದಿದ್ದು?

ಚಾಮರಾಜನಗರ ಜಿಲ್ಲೆಯ ಸೋಲಿಗರ ಪೋಡುಗಳಲ್ಲಿ ಈ ಪ್ರಶ್ನೆ ಹಾಕಿ ನೋಡಿ. ಪೋಡು ಅಂದರೆ ಅವರ ಹಾಡಿ. ಉತ್ತರದಲ್ಲಿ ದಿಕ್ಕು ದೇಶ ಏನೂ ಬರುವುದಿಲ್ಲ. ನೆಂಟರು ಬರುತ್ತಾರೆ. ಮಾದಪ್ಪ ಬರುತ್ತಾನೆ, ರಂಗಪ್ಪ ಬರುತ್ತಾನೆ, ಒಂದು ಸಂಪಿಗೆ ಮರ ಬರುತ್ತದೆ, ತೀರಿಹೋದ ಮುತ್ತಾತ ಕಲ್ಲಾಗಿ ಕೂತಿರುವ ಜಾಗ ಬರುತ್ತದೆ. ಯಾರಿಗೆ ಯಾರು ಏನಾಗಬೇಕು ಅನ್ನುವುದೇ ಅವರ ಮೂಲದ ಕಥೆ. ಮೊದಮೊದಲು ಇವರು ಕೇಳಿದ್ದಕ್ಕೆ ಉತ್ತರ ಹೇಳದೆ ಮಾತು ಮರೆಸುತ್ತಿದ್ದಾರೆ ಅನ್ನಿಸಬಹುದು. ಕೇಳ್ತಾ ಕೇಳ್ತಾ ಇದೇ ಹೆಚ್ಚು ಪಕ್ಕಾ ಉತ್ತರ ಅನ್ನಿಸುತ್ತದೆ.

ವಿಜ್ಞಾನದ ಉತ್ತರವನ್ನೂ ಹೇಳಿಬಿಡುತ್ತೇನೆ. ಸೋಲಿಗರ ಡಿಎನ್‌ಎ ಬಗ್ಗೆ 2011ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಆಸ್ಟ್ರೇಲಿಯಾದ ಎರಡು ಮೂಲನಿವಾಸಿ ಗುಂಪುಗಳ ಜೊತೆ ಇವರಿಗೆ ಹತ್ತಿರದ ಹೋಲಿಕೆ ಇದೆ ಅಂತ ಅದರಲ್ಲಿತ್ತು. ಆಫ್ರಿಕಾದಿಂದ ಹೊರಟ ಜನ ಭಾರತದ ದಾರಿಯಲ್ಲಿ ಪೂರ್ವಕ್ಕೆ ಹೋದರು ಅನ್ನುವ ವಾದಕ್ಕೆ ಇದು ಹೊಂದುತ್ತದೆ. ಕುತೂಹಲದ ವಿಷಯ, ಇಲ್ಲ ಅನ್ನಲ್ಲ. ಆದರೆ ಹತ್ತಾರು ಸಾವಿರ ವರ್ಷದ ಹಿಂದಿನ ಆ ನಂಟಿನಿಂದ ಇವತ್ತಿನ ಒಂದು ಮದುವೆಯನ್ನೂ ಕುದುರಿಸಲು ಆಗುವುದಿಲ್ಲ ಅಲ್ವಾ. ಅದಕ್ಕೆ ಕಾರಯ್ಯ ಬೇಕು.

ಕಾರಯ್ಯನ ಕಥೆ ಮಲೆ ಮಹದೇಶ್ವರನ, ಅಂದರೆ ಮಾದಪ್ಪನ, ಕಥೆಯೊಳಗೆ ಬರುತ್ತದೆ. ನಮ್ಮ ಸೋದರತ್ತೆ ಮಾದಪ್ಪನ ಒಕ್ಕಲು. ಅವರ ಮನೆಗೆ ದೇವರಗುಡ್ಡರು ಬಂದು ಕಂಸಾಳೆ ಹಿಡಿದು ಹಾಡುವಾಗ ಸಂಕಮ್ಮನ ಭಾಗ ಬಂತೆಂದರೆ ಒಳಗೆ ಅಡಿಗೆ ಮಾಡುತ್ತಿದ್ದ ಹೆಂಗಸರೆಲ್ಲ ಕೈ ಒರೆಸಿಕೊಂಡು ಹೊರಗೆ ಬರುತ್ತಿದ್ದರು. ಸೋಲಿಗರ ನೀಲೇಗೌಡ ಸಂಕಮ್ಮನ ಗಂಡ. ಬೇಟೆಗೆ, ಜೇನಿಗೆ ಅಂತ ಕಾಡಿಗೆ ಹೊರಟಿದ್ದಾನೆ. ಹೊರಡುವ ಮುಂಚೆ ಹೆಂಡತಿಯ ಮೇಲೆ ಅವನಿಗೆ ಅನುಮಾನ. ನಾನಿಲ್ಲದಾಗ ಸರಿಯಾಗಿರುತ್ತೇನೆ ಅಂತ ಬಲಗೈ ಭಾಷೆ ಕೊಡು ಅನ್ನುತ್ತಾನೆ. ಅವಳು ಕೊಡುವುದಿಲ್ಲ. ಹೊಡೆಯುತ್ತಾನೆ, ಹಿಂಸೆ ಮಾಡುತ್ತಾನೆ, ಗುಡಿಸಲಲ್ಲಿ ಕೂಡಿಹಾಕಿ ಹೋಗುತ್ತಾನೆ. ಆದರೂ ಕೊಡುವುದಿಲ್ಲ. ಆಗ ಮಾದಪ್ಪ ಜಂಗಮನ ವೇಷದಲ್ಲಿ ಬಂದು ಅವಳನ್ನು ಬಿಡಿಸುತ್ತಾನೆ. ಮಕ್ಕಳಿಲ್ಲದ ಅವಳಿಗೆ ಅವಳಿ ಮಕ್ಕಳ ವರ ಕೊಡುತ್ತಾನೆ. ಆ ಅವಳಿಗಳೇ ಕಾರಯ್ಯ, ಬಿಲ್ಲಯ್ಯ.

ದೇವರಗುಡ್ಡರ ಹಾಡಿನಲ್ಲಿ ಇದು ಮಾದಪ್ಪನ ಮಹಿಮೆಯ ಕಥೆ. ಬೆಟ್ಟದ ಮೇಲಿನವರ ಬಾಯಲ್ಲಿ ಇದು ಮನೆತನದ ಕಥೆ. ಕಾರಯ್ಯ ಕಾಡಿನಲ್ಲಿ ಮೃಗಗಳ ನಡುವೆ ಉಳಿದ, ಅವನ ಸಂತಾನ ಸೋಲಿಗರು. ಬಿಲ್ಲಯ್ಯನ ಕಡೆಯವರು ಲಿಂಗಾಯತರು. ಅಂದರೆ ಬೆಟ್ಟದ ಮೇಲಿನವರೂ ಕೆಳಗಿನ ಊರುಗಳವರೂ ದಾಯಾದಿಗಳು. ಕೆಳಗಿನವರು ಇದನ್ನು ಅಷ್ಟಾಗಿ ನೆನಪಿಸಿಕೊಳ್ಳುವುದಿಲ್ಲ, ಅದು ಬೇರೆ ಮಾತು. ಒಂದು ಜನಾಂಗದ ಮೂಲಪುರುಷನ ಕಥೆ ಯುದ್ಧದಿಂದ ಶುರುವಾಗಬಹುದಿತ್ತು, ರಾಜನಿಂದ ಶುರುವಾಗಬಹುದಿತ್ತು. ಇಲ್ಲಿ ಗಂಡನ ಅನುಮಾನಕ್ಕೆ ಬಗ್ಗದ ಒಬ್ಬ ಹೆಂಗಸಿನಿಂದ ಶುರುವಾಗುತ್ತದೆ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಹಿಡಿಸುವುದು ಅದೇ.

ಇನ್ನು ರಂಗಪ್ಪ. ಬಿಳಿಗಿರಿರಂಗನ ಬೆಟ್ಟದ ರಂಗನಾಥನಿಗೆ ಗುಡಿಯಲ್ಲಿ ಅಮ್ಮನವರು ಇದ್ದೇ ಇದ್ದಾರೆ. ಆದರೂ ಮುದುಕನ ವೇಷ ಹಾಕಿಕೊಂಡು ಪೋಡಿಗೆ ಬಂದು ಸೋಲಿಗರ ಹುಡುಗಿ ಕುಸುಮಾಲೆಯನ್ನು ಒಲಿಸಿಕೊಂಡ ಅಂತ ಕಥೆ. ಹಾಗಾಗಿ ಸೋಲಿಗರಿಗೆಲ್ಲ ಅವನು ಅಕ್ಕನ ಗಂಡ. ‘ರಂಗಭಾವ’ ಅಂತಲೇ ಕರೆಯುತ್ತಾರೆ. ಭಾವನ ಜೊತೆ ಹೇಗಿರುತ್ತೇವೋ ದೇವರ ಜೊತೆಯೂ ಹಾಗೇ ಇರುತ್ತಾರೆ. ತಮಾಷೆ ಮಾಡುತ್ತಾರೆ, ಹಾಡಿನಲ್ಲಿ ರೇಗಿಸುತ್ತಾರೆ. ನಾವು ಸಾಲಿನಲ್ಲಿ ನಿಂತು ಕೈಮುಗಿದು ಬೇಡಿಕೊಳ್ಳುವ ದೇವರನ್ನು ಇವರು ಹೆಣ್ಣು ಕೊಟ್ಟ ಮನೆಯವರ ಸಲಿಗೆಯಲ್ಲಿ ಮಾತನಾಡಿಸುತ್ತಾರೆ. ಮೇಲುಕೋಟೆಯ ಚೆಲುವನಾರಾಯಣನಿಗೆ ಬೀಬಿ ನಾಚ್ಚಿಯಾರ್ ಇದ್ದಾಳೆ, ತಮಿಳುನಾಡಿನ ಮುರುಗನಿಗೆ ಬೇಡರ ವಳ್ಳಿ ಇದ್ದಾಳೆ. ದೊಡ್ಡ ದೇವರುಗಳು ಹೊಸ ಜಾಗಕ್ಕೆ ಬಂದಾಗ ಅಲ್ಲಿನವರ ಅಳಿಯನಾಗುವುದು ನಮ್ಮ ಕಡೆ ಹಳೆಯ ಪದ್ಧತಿ. ಪಂಡಿತರು ಇದನ್ನು ಬೆಟ್ಟದ ದೇವರ ಮೇಲೆ ಬಯಲಿನ ದೇವರು ಬಂದು ಕೂತಿದ್ದು ಅಂತ ವಿವರಿಸುತ್ತಾರೆ. ಇರಬಹುದು. ಆದರೆ ಸೋಲಿಗರ ಲೆಕ್ಕದಲ್ಲಿ ಬಂದವನು ಅವನು. ಇವರು ಮೊದಲೇ ಇದ್ದವರು, ಹೆಣ್ಣು ಕೊಟ್ಟವರು. ಮೂಲದ ಪ್ರಶ್ನೆಗೆ ಇದಕ್ಕಿಂತ ಜಾಣ ಉತ್ತರ ಏನು ಬೇಕು?

ಮನುಷ್ಯರ ಸಂಬಂಧಕ್ಕೆ ಬಂದರೆ ಮೊದಲು ಬರುವುದು ಕುಲ. ಹಾಲೇರು, ತೆನೆಯರು, ಸೂರಿಯರು, ಬೆಳ್ಳೇರು, ಸೆಲಿಕಿರು, ಬಾಳೆಯರು ಅಂತ ಹೇಳುತ್ತಾರೆ. ಒಂದು ಕುಲದವರೆಲ್ಲ ಅಣ್ಣತಮ್ಮ ಅಕ್ಕತಂಗಿಯರು. ಅವರೊಳಗೆ ಮದುವೆ ಇಲ್ಲ. ಇಷ್ಟು ಕರ್ನಾಟಕದ ಯಾವ ಹಳ್ಳಿಯವರಿಗಾದರೂ ಅರ್ಥವಾಗುತ್ತದೆ, ನಮ್ಮ ಬೆಡಗು, ಗೋತ್ರಗಳ ಹಾಗೆಯೇ. ವ್ಯತ್ಯಾಸ ಇರುವುದು ನೆಲದಲ್ಲಿ. ಸೋಲಿಗರ ಕುಲಕ್ಕೆ ಕಾಡಿನಲ್ಲಿ ಅದರದೇ ಎಲ್ಲೆ ಇರುತ್ತದೆ. ಆ ಎಲ್ಲೆಯೊಳಗೆ ಕುಲದ ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿ ಇರುತ್ತವೆ. ವೀರು ಅಂದರೆ ಕಾವಲಿನ ಶಕ್ತಿ, ಸ್ವಲ್ಪ ಹೆದರಿಕೆಯದು. ಅಬ್ಬಿ ಅಂದರೆ ನೀರಿನ ಸೆಲೆ. ಕಲ್ಲುಗುಡಿಯಲ್ಲಿ ತೀರಿಹೋದವರು. ಇವರು ಹೆಣ ಸುಡುವುದಿಲ್ಲ, ಹೂಳುತ್ತಾರೆ. ಹೋದವರ ಹೆಸರಿನಲ್ಲಿ ಕಲ್ಲಿಟ್ಟು ಹಿರಿಯರ ಜೊತೆ ಸೇರಿಸುತ್ತಾರೆ.

ಒಮ್ಮೆ ಒಬ್ಬ ಹಿರಿಯರು ಅಂಥ ಒಂದು ಜಾಗ ತೋರಿಸಿದರು. ಸೋಲಿಗ ಗಂಡಸರ ಹೆಸರಿಗೆ ‘ಗೌಡ’ ಸೇರಿರುತ್ತದೆ, ಹಾಗಾಗಿ ನಾನು ಅವರನ್ನು ಗೌಡ್ರೇ ಅಂತ ಕರೆಯುತ್ತಿದ್ದೆ. ದಾರಿಯುದ್ದ ಲಂಟಾನದ ಕಳೆ. ಕತ್ತಿಯಲ್ಲಿ ಸವರಿಕೊಂಡು ಸವರಿಕೊಂಡು ನಡೆದರು. ಕೊನೆಗೆ ಮುಟ್ಟಿದ ಜಾಗದಲ್ಲಿ ಗುಡಿಯೂ ಇಲ್ಲ ಗೋಪುರವೂ ಇಲ್ಲ. ಮರದ ಬುಡದಲ್ಲಿ ಹೊಳೆಯ ಕಲ್ಲುಗಳು, ಮುಷ್ಟಿ ಗಾತ್ರದವು, ಅದಕ್ಕಿಂತ ಸ್ವಲ್ಪ ದೊಡ್ಡವು. ಕೆಲವು ಅರ್ಧ ಮಣ್ಣಲ್ಲಿ ಹೂತುಹೋಗಿದ್ದವು. ಅವರು ಚಪ್ಪಲಿ ಬಿಟ್ಟು, ಬಗ್ಗಿ, ಎಲೆ ಗುಡಿಸಿದರು. ಒಂದು ಕಲ್ಲು ಮುಟ್ಟಿ ‘ಇದು ನಮ್ಮಪ್ಪ’ ಅಂದರು. ಪಕ್ಕದ್ದು ಮುಟ್ಟಿ ‘ಇದು ದೊಡ್ಡಪ್ಪ’. ಮಣ್ಣಲ್ಲಿ ಹೂತವುಗಳ ಕಡೆ ಕೈ ತೋರಿಸಿ ‘ಅವೆಲ್ಲ ಇನ್ನೂ ಹಿಂದ್ಲವ್ರು’ ಅಂದರು.

‘ಹೆಸರು ನೆನಪಿದ್ಯಾ ಗೌಡ್ರೇ?’

‘ಹೆಸ್ರು ಯಾಕೆ? ನಮ್ಮೋರು ಅಂತ ಗೊತ್ತಲ್ಲ.’

ಇಂಥವೇ ಕಲ್ಲುಗಳನ್ನು ಇನ್ನೂ ದೊಡ್ಡ ಸಂಖ್ಯೆಯಲ್ಲಿ ನೋಡಬೇಕಾದರೆ ದೊಡ್ಡಸಂಪಿಗೆಗೆ ಹೋಗಬೇಕು. ಭಾರ್ಗವಿ ಹೊಳೆಯ ದಡದಲ್ಲಿರುವ ಆ ಸಂಪಿಗೆ ಮರಕ್ಕೆ ಆರುನೂರು ವರ್ಷ ಮೀರಿದೆ ಅನ್ನುತ್ತಾರೆ. ಬುಡದಲ್ಲಿ ಲಿಂಗದಂಥ ಕಲ್ಲುಗಳ ರಾಶಿ. ಅದು ಮಾದಪ್ಪನ ಜಾಗ. ಇನ್ನು ಪ್ರವಾಸಿಗರಿಗೆ ಸಫಾರಿಯಿಂದ ಗೊತ್ತಿರುವ ‘ಕೆ. ಗುಡಿ’ ಇದೆಯಲ್ಲ, ಅದು ಕ್ಯಾತೇದೇವರ ಗುಡಿ. ಕ್ಯಾತೇದೇವರೂ ಇವರ ದೇವರೇ. ನಾವು ಬೋರ್ಡಿನಲ್ಲಿ ಒಂದು ಅಕ್ಷರಕ್ಕೆ ಇಳಿಸಿಬಿಟ್ಟಿದ್ದೇವೆ.

ಮದುವೆಯ ವಿಷಯಕ್ಕೆ ಬರುತ್ತೇನೆ. ಸೋಲಿಗರ ಬಗ್ಗೆ ಬರೆದವರೆಲ್ಲ ಬರೆಯುವ ಒಂದು ಸಂಗತಿ ಓಡಿಹೋಗುವ ಮದುವೆ. ಹುಡುಗ ಹುಡುಗಿ ಒಪ್ಪಿಕೊಂಡು ಕಾಡಿಗೆ ಹೋಗಿಬಿಡುತ್ತಾರೆ. ಕೆಲವು ದಿನ ಅಲ್ಲೇ ಇರುತ್ತಾರೆ. ಮನೆಯವರು ಹುಡುಕುತ್ತಾರೆ, ಹುಡುಕಿದ ಹಾಗೆ ಮಾಡುತ್ತಾರೆ. ವಾಪಸ್ ಬಂದಾಗ ಕುಲದ ಪಂಚಾಯ್ತಿ ಸೇರುತ್ತದೆ. ಯಜಮಾನ, ಚಲವಾದಿ ಅನ್ನುವ ಅವನ ಸಹಾಯಕ, ಹಿರಿಯರು ಕೂತು ಮೊದಲು ನೋಡುವುದು ಕುಲ ಬೇರೆ ಬೇರೆಯೋ ಇಲ್ಲವೋ ಅಂತ. ಬೇರೆಯಾಗಿದ್ದರೆ ಒಂದಿಷ್ಟು ತಪ್ಪುಕಾಣಿಕೆ ಹಾಕಿ, ಊಟ ಹಾಕಿಸಿ, ಗಂಡ ಹೆಂಡತಿ ಅಂತ ಒಪ್ಪಿಕೊಳ್ಳುತ್ತಾರೆ. ದಂಡ ಕಟ್ಟಿದ ಮೇಲೆ ಆ ವಿಷಯ ಮತ್ತೆ ಎತ್ತುವ ಹಾಗಿಲ್ಲ. ಹೆಣ್ಣಿನ ಕಡೆಗೆ ಗಂಡಿನ ಕಡೆಯವರು ತೆರ ಕೊಡುತ್ತಾರೆ. ಮೊತ್ತ ಸಣ್ಣದು, ಶಾಸ್ತ್ರಕ್ಕೆ ಅಂತ. ವರದಕ್ಷಿಣೆ ಅನ್ನುವುದು ಇವರ ಪದ್ಧತಿಯಲ್ಲೇ ಇರಲಿಲ್ಲ. ಹೊಂದಿಕೆಯಾಗದಿದ್ದರೆ ಬಿಟ್ಟುಬಿಡುವುದಕ್ಕೂ ದಾರಿ ಇತ್ತು. ಗಂಡ ಸತ್ತವಳು ಮತ್ತೆ ಮದುವೆಯಾಗುವುದಕ್ಕೂ ಅಡ್ಡಿ ಇರಲಿಲ್ಲ. ಕೆಳಗಿನ ಊರುಗಳಲ್ಲಿ ವಿಧವೆಯರನ್ನು ನಡೆಸಿಕೊಂಡ ರೀತಿ ಗೊತ್ತಿರುವವರು ಈ ಸಾಲನ್ನು ಇನ್ನೊಂದು ಸಲ ಓದಿಕೊಳ್ಳಲಿ.

ಪೋಡೊಂದರಲ್ಲಿ ಒಬ್ಬ ಅಜ್ಜಿ ಜಗಲಿಯಲ್ಲಿ ಕೂತು ಸೀಗೆಕಾಯಿ ಆರಿಸುತ್ತಿದ್ದರು, ಲ್ಯಾಂಪ್ಸ್ ಅನ್ನುವ ಬುಡಕಟ್ಟು ಸಹಕಾರ ಸೊಸೈಟಿಗೆ ಹಾಕಲು. ಪಕ್ಕದಲ್ಲಿ ಗಂಡ, ಬೀಡಿ ಹಚ್ಚಿಕೊಂಡು.

‘ನಿಮ್ಮ ಮದುವೆ ಎಲ್ಲಾಯ್ತು ಅವ್ವಾ?’ ಅಂದೆ.

‘ಯಾವ್ ಮದುವೆ ಕನಪ್ಪ. ರೊಟ್ಟಿ ಹಬ್ಬದಲ್ಲಿ ಕುಣೀತಿದ್ದೊ. ಅಲ್ಲಿಂದ್ಲೇ ಹೋದೊ.’

‘ಇವಳೇ ಕರ್ಕೊಂಡ್ ಹೋದ್ಲು’ ಅಂತ ಅಜ್ಜ ಮಧ್ಯೆ ಬಾಯಿ ಹಾಕಿದರು.

‘ಸುಮ್ನಿರು. ದಾರಿ ಗೊತ್ತಿತ್ತಾ ನಿಂಗೆ? ನೂರೆ ಗೆಣಸು ಎಲ್ಲದೆ ಅಂತಾನೂ ಗೊತ್ತಿರ್ಲಿಲ್ಲ.’

ಅಜ್ಜಿಯ ಈ ಮಾತು ನನಗೆ ಪುಸ್ತಕಗಳಲ್ಲಿ ಸಿಕ್ಕಿರಲಿಲ್ಲ. ಓಡಿಹೋಗುವುದು ಅಂದರೆ ನಾವು ಪ್ರೇಮದ ಧೈರ್ಯ ಅಂತ ಓದಿಕೊಳ್ಳುತ್ತೇವೆ. ಅಲ್ಲಿ ಅದೊಂದು ಪರೀಕ್ಷೆಯೂ ಹೌದು. ಗೆಣಸು ಕೀಳಲು ಗೊತ್ತಿರಬೇಕು. ಕಿತ್ತ ಮೇಲೆ ಬಳ್ಳಿಯ ತಲೆ ಮತ್ತೆ ಮಣ್ಣಿಗೆ ಸೇರಿಸಲು ಗೊತ್ತಿರಬೇಕು. ಆನೆ ಯಾವ ದಾರಿಯಲ್ಲಿ ಬರುತ್ತದೆ, ಅಬ್ಬಿ ಎಲ್ಲಿದೆ, ಜೇನು ಇಳಿಸುವುದು ಹೇಗೆ, ಎಷ್ಟು ಬಿಟ್ಟು ಬರಬೇಕು, ಎಲ್ಲ ಗೊತ್ತಿರಬೇಕು. ಇಬ್ಬರೇ ಕಾಡಿನಲ್ಲಿ ಬದುಕಿ ಬಂದರೆ ಸಂಸಾರ ನಡೆಸಬಲ್ಲರು ಅಂತ ಲೆಕ್ಕ. ಆಮೇಲೆ ಪಂಚಾಯ್ತಿ ಒಪ್ಪದೆ ಏನು ಮಾಡುತ್ತದೆ?

ರೊಟ್ಟಿ ಹಬ್ಬ ಅಂದೆನಲ್ಲ, ಅದು ರಾಗಿ ಕೊಯ್ಲಾದ ಮೇಲಿನದು. ಮನೆಮನೆಯಿಂದ ರಾಗಿ ರೊಟ್ಟಿ, ಸುತ್ತಲ ಪೋಡುಗಳಿಂದ ಜನ, ಬೆಂಕಿ ಹಾಕಿಕೊಂಡು ರಾತ್ರಿಯೆಲ್ಲ ಗೊರುಕಾನ ಹಾಡು ಕುಣಿತ. ಬೇರೆ ಕುಲದವರು ಒಂದೆಡೆ ಸೇರುವ ಸಂದರ್ಭ ಅದು. ಹುಡುಗ ಹುಡುಗಿಯರಿಗೆ ಹಬ್ಬದ ಉಪಯೋಗ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಬರೆಯುತ್ತಾ ಹೋದರೆ ಎಲ್ಲ ಚೆಂದ ಅನ್ನಿಸಿಬಿಡುತ್ತದೆ. ಹಾಗೇನಿಲ್ಲ. ಓಡಿಹೋಗುವವರಲ್ಲಿ ಹದಿನೆಂಟು ತುಂಬದವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಪೋಡಿಗೆ ಅದು ಮದುವೆ, ಕಾನೂನಿಗೆ ಅದು ಪೋಕ್ಸೊ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸು. ಹದಿನಾರರ ಹುಡುಗಿ ಬಸುರಿಯಾಗಿ ಆಸ್ಪತ್ರೆಗೆ ಹೋದರೆ ಅಲ್ಲಿಂದ ಪೊಲೀಸರಿಗೆ ಸುದ್ದಿ ಹೋಗಲೇಬೇಕು. ಹುಡುಗ ಜೈಲಿಗೆ. ಆ ಹೆದರಿಕೆಗೆ ಆಸ್ಪತ್ರೆಗೇ ಹೋಗದಿದ್ದರೆ ಹುಡುಗಿಯ ಜೀವಕ್ಕೆ ಅಪಾಯ. ಪದ್ಧತಿ ಅಂತ ಹೇಳಿ ಇದನ್ನು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಹದಿನಾರು ಹದಿನಾರೇ. ಆದರೆ ಹುಡುಗನನ್ನು ಒಳಗೆ ಹಾಕಿದರೆ ಆ ಹುಡುಗಿಗೆ ಏನು ಒಳ್ಳೆಯದಾಯಿತು ಅಂತಲೂ ತಿಳಿಯುವುದಿಲ್ಲ. ಪೋಡಿನ ಹಿರಿಯರೇ ಕೂತು ಹದಿನೆಂಟು ತುಂಬುವ ತನಕ ಕಾಯಿರಿ ಅಂತ ಕಟ್ಟು ಮಾಡಿದರೆ ಅದು ಸ್ಟೇಷನ್ನಿಗಿಂತ ಜಾಸ್ತಿ ನಡೆಯುತ್ತದೆ ಅಂತ ನನ್ನ ಅಂದಾಜು.

ಈಗ ನೆಲದ ವಿಷಯ. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಜೀವಿಧಾಮ ಆಯಿತು. ಬೇಟೆ ನಿಂತಿತು, ಕಾಡು ಸವರಿ ಸುಟ್ಟು ಬಿತ್ತುವ ಕುಮರಿ ಬೇಸಾಯ ನಿಂತಿತು, ಕಾಡೊಳಗೆ ಚೆದುರಿದ್ದ ಪೋಡುಗಳನ್ನು ರಸ್ತೆ ಬದಿಗೆ ತಂದು ಕೂರಿಸಿದರು. ಬೇಸಿಗೆಯ ಮುಂಚೆ ತರಗೆಲೆಗೆ ಸಣ್ಣಗೆ ಬೆಂಕಿ ಕೊಡುತ್ತಿದ್ದರು, ಅದನ್ನು ತರಗುಬೆಂಕಿ ಅನ್ನುತ್ತಾರೆ. ಅದಕ್ಕೂ ಕಡಿವಾಣ ಬಿತ್ತು. ಆ ಬೆಂಕಿ ನಿಂತ ಮೇಲೇ ಲಂಟಾನ ಹೀಗೆ ಹಬ್ಬಿದ್ದು ಅಂತ ಸೋಲಿಗರು ಹೇಳುತ್ತಲೇ ಬಂದಿದ್ದಾರೆ. ಪೋಡು ಮಾತ್ರ ಬಂತು, ಕಲ್ಲುಗುಡಿ ಅಲ್ಲೇ ಉಳಿಯಿತು. ಅಪ್ಪನ ಕಲ್ಲಿಗೆ ಕೈಮುಗಿಯಲು ಗೇಟಿನಲ್ಲಿ ಕೇಳಿ ಹೋಗುವ ಕಾಲ ಬಂತು. 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆ ಆದಾಗ ಪೂರ್ತಿ ಎತ್ತಂಗಡಿ ಮಾಡುತ್ತಾರೆ ಅನ್ನುವ ಭಯ ಹಬ್ಬಿತ್ತು.

ಅಷ್ಟರಲ್ಲಿ ಒಂದು ಕಾನೂನು ಬಂದಿತ್ತು, 2006ರ ಅರಣ್ಯ ಹಕ್ಕು ಕಾಯ್ದೆ. ಅದರ ನಿಯಮಗಳಲ್ಲಿ ಸಾಕ್ಷಿ ಅಂತ ಏನೇನು ಕೊಡಬಹುದು ಅನ್ನುವ ಪಟ್ಟಿ ಇದೆ. ಸರ್ಕಾರಿ ದಾಖಲೆಗಳು ಇವೆ, ಸರಿ. ಅದರ ಜೊತೆಗೆ ಸ್ಮಶಾನ, ಪೂಜೆಯ ಜಾಗ, ವಂಶಾವಳಿ, ಹಿರಿಯರ ಹೇಳಿಕೆ ಇವೂ ಇವೆ. ಅಂದರೆ ಆ ಗೌಡರು ಮುಟ್ಟಿ ತೋರಿಸಿದ ಕಲ್ಲು ಈಗ ಸಾಕ್ಷಿ. ಸೋಲಿಗರ ಸಂಘದವರೂ ಏಟ್ರೀ ಅನ್ನುವ ಪರಿಸರ ಅಧ್ಯಯನ ಸಂಸ್ಥೆಯ ಸಂಶೋಧಕರೂ ಹಿರಿಯರನ್ನು ಮುಂದಿಟ್ಟುಕೊಂಡು ಕಾಡಿನಲ್ಲಿ ನಡೆದರು. ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿ ಅಂತ ಒಂದೊಂದನ್ನೂ ಜಿಪಿಎಸ್‌ನಲ್ಲಿ ಗುರುತು ಹಾಕಿ, ಎಲ್ಲೆಗಳ ನಕ್ಷೆ ಮಾಡಿದರು. ಹಾಗೆ ಸಿಕ್ಕ ಜಾಗಗಳು ನಾನೂರಕ್ಕೂ ಹೆಚ್ಚು. 2011ರ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು.

ಹುಲಿಗೂ ಇವರಿಗೂ ನಂಟಿದೆ ಅನ್ನುವುದನ್ನು ಮರೆತಿದ್ದೆ. ಮಾದಪ್ಪನ ವಾಹನ ಹುಲಿ, ಇವರು ಹುಲಿವೀರಪ್ಪ ಅಂತ ಪೂಜೆ ಮಾಡುತ್ತಾರೆ. ಹುಲಿಯನ್ನು ಉಳಿಸಲು ಇವರನ್ನು ಹೊರಗೆ ಹಾಕಬೇಕು ಅನ್ನುವ ವಾದ ಪೋಡಿನಲ್ಲಿ ಕೂತು ಕೇಳಿದರೆ ತೀರಾ ವಿಚಿತ್ರವಾಗಿ ಕೇಳಿಸುತ್ತದೆ.

ಹಕ್ಕುಪತ್ರದಿಂದ ಎಲ್ಲ ಸರಿಹೋಯಿತು ಅನ್ನುವ ಹಾಗಿಲ್ಲ. ಹುಡುಗರು ಕೂಲಿಗೆ ಕೊಡಗಿನ ಕಾಫಿ ತೋಟಗಳಿಗೆ ಹೋಗುತ್ತಾರೆ. ಮದುವೆಗೆ ಈಗ ಲಗ್ನಪತ್ರಿಕೆ ಅಚ್ಚು ಹಾಕಿಸುತ್ತಾರೆ, ಶಾಮಿಯಾನ ಹಾಕಿಸುತ್ತಾರೆ. ಬಂಗಾರದ ಮಾತೂ ಶುರುವಾಗಿದೆ ಅಂತ ಆ ಅಜ್ಜಿಯೇ ಹೇಳಿದರು. ಇವೆಲ್ಲ ಎಲ್ಲ ಕಡೆ ಆಗುವಂಥದ್ದು, ಇಲ್ಲೂ ಆಗುತ್ತಿದೆ.

ಅದಕ್ಕಿಂತ ನನ್ನನ್ನು ಕಾಡಿದ್ದು ಒಂದು ಕಾಗದದ ತೊಂದರೆ. ಸೋಲಿಗರು ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದಲ್ಲಿ ಮಾತ್ರ ಇಲ್ಲ. ತಮಿಳುನಾಡಿನ ತಾಳವಾಡಿ, ಸತ್ಯಮಂಗಲ, ಬರಗೂರು ಬೆಟ್ಟಗಳ ಕಡೆಯೂ ಇದ್ದಾರೆ. ಕಾಡು ಒಂದೇ, ನುಡಿ ಒಂದೇ. 1956ರವರೆಗೆ ಕೊಳ್ಳೇಗಾಲವೇ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ವರ್ಷ ರಾಜ್ಯದ ಗೆರೆ ಎಳೆದಾಗ ನೆಂಟರು ಆ ಕಡೆ ಈ ಕಡೆ ಆದರು. ಹೆಣ್ಣು ತರುವುದು ಕೊಡುವುದು ನಿಲ್ಲಲಿಲ್ಲ. ಪಂಚಾಯ್ತಿ ನೋಡುವುದು ಕುಲವನ್ನು, ರಾಜ್ಯವನ್ನಲ್ಲ.

ಆದರೆ ಪರಿಶಿಷ್ಟ ಪಂಗಡದ ಪಟ್ಟಿ ರಾಜ್ಯಕ್ಕೊಂದು. ಅಲ್ಲಿ ಹುಟ್ಟಿದವಳಿಗೆ ಅಲ್ಲಿಯ ಪ್ರಮಾಣಪತ್ರ. ಇಲ್ಲಿಯ ಮೀಸಲಾತಿಗೆ ಅದು ನಡೆಯುವುದಿಲ್ಲ. ಆ ಅಜ್ಜಿಯ ಮೊಮ್ಮಗನ ಹೆಂಡತಿ ತಾಳವಾಡಿ ಕಡೆಯ ಪೋಡಿನವಳು. ಹನ್ನೆರಡನೇ ತರಗತಿ ಓದಿದ್ದಾಳೆ. ಇಲ್ಲಿ ಒಂದು ಸಣ್ಣ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಲು ಹೋದಾಗ ನೀನು ಇಲ್ಲಿಯ ಪಟ್ಟಿಗೆ ಬರುವುದಿಲ್ಲ ಅಂತ ವಾಪಸ್ ಕಳಿಸಿದರು. ಕಾನೂನು ಪ್ರಕಾರ ಅವರು ಹೇಳಿದ್ದು ಸರಿಯೇ. ಅಜ್ಜಿಗೆ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ‘ಅವ್ಳು ಬೆಳ್ಳೇರು, ನಾವು ತೆನೇರು. ಸರಿಯಾಗೇ ಅದಲ್ಲ?’ ಅಂತ ಕೇಳುತ್ತಲೇ ಇದ್ದರು. ಆ ಹುಡುಗಿ ಮಾತ್ರ ಅರ್ಜಿಯ ಜೆರಾಕ್ಸ್‌ಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಟ್ಟುಕೊಂಡು, ಜನರಲ್ ಕೋಟಾದಲ್ಲಿ ಹಾಕಿದರೆ ಫೀಸು ಎಷ್ಟಾಗುತ್ತದೆ ಅಂತ ನನ್ನನ್ನು ಕೇಳಿದಳು.